ದುಡಿ ಯಾವುದರ ಸಂಕೇತ?

ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ತರಗತಿಯಲ್ಲಿ ಈ ಪ್ರಶ್ನೆ ಏಳುತ್ತದೆ: "ಸಾರ್, ದುಡಿ ಎಂತದ್ರ ಸಂಕೇತ? ಒಂದೇ ಸಾಲಂಗೆ ಹೇಳಿ." ಪ್ರಶ್ನೆ 'ಚೋಮನ ದುಡಿ' ಕಾದಂಬರಿಯಲ್ಲಿ ಬರುವ ದುಡಿ ಎಂಬ ಚರ್ಮವಾದ್ಯದ ಬಗ್ಗೆ. ಆ ಕಾದಂಬರಿ ಬರೆದ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ ಇಲ್ಲೇ, ಬ್ರಹ್ಮಾವರ ತಾಲೂಕಿನಲ್ಲಿದೆ. ಅವರ ಕಾದಂಬರಿಗಳನ್ನು ಇಲ್ಲಿನ ಮಕ್ಕಳೇ ಒಂದು ಸಾಲಿಗೆ ಇಳಿಸಿಕೊಳ್ಳುವುದನ್ನು ಕಂಡಾಗ ಸಂಕಟವಾಗುತ್ತದೆ. ತಪ್ಪು ಮಕ್ಕಳದ್ದಲ್ಲ, ಕಲಿಸುವ ನಮ್ಮ ಕಲ್ಪನೆಗಳದ್ದು.

ತಪ್ಪು ಕಲ್ಪನೆ: ಪ್ರತಿ ಸಂಕೇತಕ್ಕೂ ಒಂದು ನಿಶ್ಚಿತ ಅರ್ಥವಿದೆ.

ವಾಸ್ತವ: ಯಕ್ಷಗಾನದಲ್ಲಿ ಬಹುಮಟ್ಟಿಗೆ ಹಾಗಿದೆ. ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಂಡೊಡನೆ ನಮ್ಮ ಮಕ್ಕಳು ಪುಂಡುವೇಷವನ್ನು, ಅಂದರೆ ಎಳೆಯ ವೀರನನ್ನು, ಗುರುತಿಸುತ್ತಾರೆ. ರಂಗದಲ್ಲಿ ಒಂದು ಸುತ್ತು ಬಂದರೆ ಪಯಣ ಮುಗಿಯಿತೆಂದು ತಿಳಿಯುತ್ತಾರೆ. ಅದು ಪರಂಪರೆ ಕೊಟ್ಟ ಅರ್ಥ. ಕಾದಂಬರಿಯಲ್ಲಿ ಮಾತ್ರ ಒಂದು ವಸ್ತುವಿನ ಅರ್ಥ ಆ ಕಥೆಯೊಳಗೇ ಬೆಳೆಯಬೇಕು. 1933ರ 'ಚೋಮನ ದುಡಿ'ಯಲ್ಲಿ ಚೋಮ ಸಂತೋಷಕ್ಕೂ ದುಡಿ ಬಾರಿಸುತ್ತಾನೆ, ಸಿಟ್ಟಿಗೂ ದುಃಖಕ್ಕೂ ಬಾರಿಸುತ್ತಾನೆ. 'ದುಡಿ ಎಂದರೆ ನೋವು' ಎಂದು ಬರೆಸಿಬಿಟ್ಟರೆ ಅವನ ಅರ್ಧ ಬದುಕನ್ನೇ ಅಳಿಸಿದಂತೆ.

ಹಾಗಾಗಿ ನಾನು ಅರ್ಥ ಕೇಳುವುದನ್ನು ಬಿಟ್ಟು ಪಟ್ಟಿ ಮಾಡಿಸುತ್ತೇನೆ. ದುಡಿ ಎಲ್ಲೆಲ್ಲಿ ಕೇಳಿಸಿತು? ಅದಕ್ಕೆ ಮೊದಲು ಏನಾಯಿತು? ಆಗ ಕಿವಿಗೊಟ್ಟವರು ಯಾರು? ಪಕ್ಕದಲ್ಲೇ ಎತ್ತುಗಳದ್ದೂ ನೇಗಿಲಿನದ್ದೂ ಪಟ್ಟಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೂರನ್ನೂ ಎದುರಿಗಿಟ್ಟುಕೊಂಡು ಹೇಳಿದಳು: "ಎತ್ತಿದೆ, ನೇಗಿಲಿದೆ, ಗದ್ದೆ ಮಾತ್ರ ಇಲ್ಲ. ಕೊನೆಗೆ ಎತ್ತೂ ಹೋಯಿತು, ನೇಗಿಲೂ ಹೋಯಿತು, ದುಡಿ ಒಂದೇ ಉಳಿಯಿತು." ಯಾವ ಗೈಡಿನಲ್ಲೂ ನನಗೆ ಸಿಗದ ಮಾತದು. ಉಳುವ ಆಸೆಯ ದಲಿತ ಚೋಮನಿಗೆ ಸಮಾಜ ಕೊಡದೆ ಉಳಿಸಿಕೊಂಡದ್ದು ಏನೆಂಬುದು ಅವಳಿಗೆ ಪಟ್ಟಿಯಲ್ಲೇ ಕಂಡಿತ್ತು.

ತಪ್ಪು ಕಲ್ಪನೆ: ಮೇಲಿನ ಕಥೆ ಬರೀ ಸಿಪ್ಪೆ, ಸಂಕೇತವೇ ತಿರುಳು.

ವಾಸ್ತವ: ವಸ್ತು ಮೊದಲು ವಸ್ತುವಾಗಿಯೇ ಇರಬೇಕು. 'ಮರಳಿ ಮಣ್ಣಿಗೆ'ಯ ಕಡಲನ್ನು 'ಕಾಲದ ಸಂಕೇತ' ಎನ್ನಲು ಅವಸರ ಬೇಡ. ಬೈಂದೂರಿನಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಕಾಣುತ್ತದೆ. ಹೀಗೆ ನೀರಿನ ನಡುವೆ ಬೇಸಾಯ ಮಾಡುವವರ ಮಳೆಗಾಲ ಹೇಗಿದ್ದೀತು, ಉಪ್ಪುನೀರು ನುಗ್ಗಿದ ಗದ್ದೆ ಏನಾದೀತು ಎಂದು ಅಜ್ಜಿಯರನ್ನು ಕೇಳಿ ಬನ್ನಿ ಎನ್ನುತ್ತೇನೆ. ಅದನ್ನು ತಿಳಿದ ಮೇಲೆ ಕಾದಂಬರಿಯ ಹೆಂಗಸರಾದ ಪಾರೋತಿ, ಸರಸೋತಿಯರ ದುಡಿಮೆ ಅವರ ಕಣ್ಣಿಗೆ ಕಟ್ಟುತ್ತದೆ. ಆ ಮನೆಯ ಮೂರನೇ ತಲೆಮಾರಿನ ರಾಮ ಊರಿಗೆ ಹಿಂತಿರುಗುವಾಗ, ಶೀರ್ಷಿಕೆಯ 'ಮಣ್ಣು' ತಾನಾಗಿ ಭಾರವಾಗುತ್ತದೆ.

ತಪ್ಪು ಕಲ್ಪನೆ: ಊರಿನದೇ ಕಥೆ, ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ವಾಸ್ತವ: 'ಮರಳಿ ಮಣ್ಣಿಗೆ' ನಡೆಯುವ ಊರು ಕೋಡಿ. ಕೋಡಿ ಎಂದರೆ ಕುಂದಾಪುರದ ಹುಡುಗನ ಕಣ್ಣಮುಂದೆ ನಿಲ್ಲುವುದು ಅವನೂರಿನ ಪಕ್ಕದ ದೀಪಸ್ತಂಭದ ಕೋಡಿ. ಕಾದಂಬರಿಯದ್ದು ಕೋಟದ ಹತ್ತಿರದ ಕೋಡಿ. ನಿತ್ಯ ಕಾಣುವುದನ್ನು ನಾವು ನೋಡುವುದು ಕಡಿಮೆ. ಪರಿಚಯವಿದ್ದಲ್ಲಿ ನಿಧಾನವಾಗಿ ಓದಿಸುವುದು ಇನ್ನೂ ಹೆಚ್ಚು ಬೇಕು.

ತಪ್ಪು ಕಲ್ಪನೆ: ಸಂಕೇತದ ಓದು ಇಂಗ್ಲಿಷ್ ತರಗತಿಯಿಂದ ಬಂದದ್ದು.

ವಾಸ್ತವ: ಒಂಬತ್ತನೇ ಶತಮಾನದ ಆನಂದವರ್ಧನ ಧ್ವನಿಯ, ಅಂದರೆ ಮಾತು ಸೂಚಿಸುವ ಅರ್ಥದ, ಬಗ್ಗೆ ಒಂದು ಗ್ರಂಥವನ್ನೇ ಬರೆದ. ಗಂಗೆಯ ಮೇಲೆ ಹಳ್ಳಿಯಿದೆ ಎಂದರೆ ದಡದ ಮೇಲಿದೆ ಎಂದರ್ಥ, ಆದರೆ ತಂಪೂ ಪಾವಿತ್ರ್ಯವೂ ಜೊತೆಗೆ ಹೊಳೆಯುತ್ತವೆ. ಅಲಂಕಾರಶಾಸ್ತ್ರದ ಈ ಹಳೆಯ ಉದಾಹರಣೆ ಹೊಳೆದಂಡೆಯ ನಮ್ಮ ಮಕ್ಕಳಿಗೆ ಎರಡು ನಿಮಿಷದಲ್ಲಿ ಹಿಡಿಸುತ್ತದೆ.

ತಪ್ಪು ಕಲ್ಪನೆ: ನಿಶ್ಚಿತ ಅರ್ಥ ಇಲ್ಲವೆಂದಾದರೆ ಯಾರು ಏನು ಹೇಳಿದರೂ ಸರಿ.

ವಾಸ್ತವ: ಇದು ಮೊದಲನೆಯದಕ್ಕಿಂತ ಅಪಾಯದ್ದು. ಯಾವ ಅರ್ಥಕ್ಕೂ ಪುಟದಲ್ಲಿ ಆಧಾರ ಬೇಕು. ಕಾರಂತರ 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಅದರಲ್ಲಿ ಮೂಕಜ್ಜಿ ಗತಕಾಲವನ್ನು ಕಾಣುವುದು ವಸ್ತುವೊಂದನ್ನು ಕೈಯಲ್ಲಿ ಹಿಡಿದಾಗ. ಅವಳ ಶಕ್ತಿ ನಮಗಿಲ್ಲ, ಆದರೆ ಕೈಯಲ್ಲಿ ಹಿಡಿಯಲು ಪುಟವಿದೆ. ಎತ್ತುಗಳು ಚೋಮನ ಮಕ್ಕಳಿದ್ದಂತೆ ಎಂದು ಮೊನ್ನೆ ಒಬ್ಬ ಹೇಳಿದ. ಎಲ್ಲಿದೆ, ತೋರಿಸು ಎಂದೆ. ಗಂಟೆ ಹೊಡೆದರೂ ಅವನು ಪುಟ ತಿರುವುತ್ತಲೇ ಇದ್ದ, ಪಕ್ಕದಲ್ಲಿದ್ದ ಇಬ್ಬರು ಬಗ್ಗಿ ಅವನೊಂದಿಗೆ ಹುಡುಕುತ್ತಿದ್ದರು.