ಹಳೇ ಲಾರಿ ಕೊಳ್ತೀರಾ? ಒಣ ರೋಡಲ್ಲಿ ಓಡಿಸಿ ನೋಡಿದ್ರೆ ಸಾಲದು

ಈ ಸಲದ ಪ್ರಶ್ನೆ ಅರೇಹಳ್ಳಿ ಕಡೆಯ ಕೇಳುಗರೊಬ್ಬರದ್ದು. ಆರು ಚಕ್ರದ ಹಳೇ ಲಾರಿ ನೋಡಿದ್ದಾರೆ, ಅಡ್ವಾನ್ಸ್ ಕೊಡೋದೊಂದೇ ಬಾಕಿ. ಇಂಜಿನ್ ಚೆನ್ನಾಗಿದೆಯಂತೆ. ಆದರೆ ಮಳೆಗಾಲದಲ್ಲಿ ತೋಟದ ಏರು ಹತ್ತುತ್ತಾ ಅನ್ನೋದು ಅವರ ಚಿಂತೆ.

ಹಿಮ ಬೀಳೋ ದೇಶಗಳಲ್ಲಿ ಲಾರಿ ಕೊಳ್ಳೋರು ಚಳಿಗಾಲದ ಹಿಡಿತ ನೋಡ್ತಾರೆ. ನಮ್ಮ ಮಲೆನಾಡಲ್ಲಿ ಆ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಫಿ ಕೊಯ್ಲಿನ ಒಣ ದಿನಗಳಲ್ಲಿ ಎಂಥ ಲಾರಿಯೂ ಓಡುತ್ತೆ. ಮಳೇಲಿ ಲಾರಿ ನಿಂತರೂ ಇಎಂಐ ಮಾತ್ರ ನಿಲ್ಲಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಇಂಜಿನ್‌ಗೆ ಎಷ್ಟೇ ಪವರ್ ಇರಲಿ, ಟೈರ್ ನೆಲ ಹಿಡಿದಷ್ಟೇ ಉಪಯೋಗ. ಆರು ಚಕ್ರದ ಲಾರಿಯನ್ನ ತಳ್ಳೋದು ಹಿಂದಿನ ನಾಲ್ಕು ಟೈರ್ ಮಾತ್ರ. ಅವುಗಳ ಮೇಲೆ ತೂಕ ಕಮ್ಮಿ ಇದ್ರೆ ಹಿಡಿತವೂ ಕಮ್ಮಿ. ಅದಕ್ಕೇ ಖಾಲಿ ಲಾರಿ ಒದ್ದೆ ಏರಲ್ಲಿ ಬೇಗ ಜಾರುತ್ತೆ. ಲೋಡ್ ಲಾರಿಗೆ ಬೇರೆ ಕಷ್ಟ: ಮೆತ್ತನೆ ಮಣ್ಣಲ್ಲಿ ಹೂತುಹೋಗುತ್ತೆ, ಇಳಿಜಾರಲ್ಲಿ ಬ್ರೇಕ್ ಮೇಲೆ ಭಾರ ಬೀಳುತ್ತೆ.

ಹಾಗಾಗಿ ಹಿಂದಿನ ಟೈರ್‌ಗಳಿಂದ ಶುರು ಮಾಡಿ. ಉದ್ದುದ್ದ ಗೆರೆಯ ರಿಬ್ ಟೈರ್ ತಾರ್ ರೋಡಿಗೆ ಸರಿ. ಕೆಸರಿಗೆ ಅಡ್ಡ ಕಟ್ಟುಗಳ ಲಗ್ ಟೈರ್ ಬೇಕು. ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತೆ, ಸಾಮಾನ್ಯವಾಗಿ 1.6 ಮಿ.ಮೀ. ಎತ್ತರ. ಟೈರ್ ಆ ಮಟ್ಟಕ್ಕೆ ಸವೆದಿದ್ರೆ ಅದರ ಕಥೆ ಮುಗೀತು. ಕೆಸರಲ್ಲಂತೂ ಅದಕ್ಕೂ ಎಷ್ಟೋ ಮೊದಲೇ ಹಿಡಿತ ಹೋಗಿರುತ್ತೆ. ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ: 2319 ಅಂದ್ರೆ 2019ರ 23ನೇ ವಾರ ತಯಾರಾದ ಟೈರ್. ಆದರೆ ರೀಟ್ರೆಡ್ ಮಾಡಿಸಿದ್ರೆ ಮೇಲಿನ ರಬ್ಬರ್ ಹೊಸದು, ಒಳಗಿನ ಟೈರ್ ಹಳೇದು. ಅದನ್ನ ಕೇಳಿಯೇ ತಿಳ್ಕೊಳ್ಳಿ. ಜೋಡಿ ಟೈರ್‌ಗಳಲ್ಲಿ ಒಂದು ಹೊಸದು, ಒಂದು ಸವೆದದ್ದು ಆಗಿದ್ರೆ ಭಾರ ಸಮನಾಗಿ ಬೀಳಲ್ಲ.

ಆಮೇಲೆ ಡಿಫರೆನ್ಷಿಯಲ್ ಲಾಕ್ ಇದೆಯಾ ಕೇಳಿ. ಅದಿಲ್ಲದಿದ್ರೆ ಒಂದು ಕಡೆಯ ಚಕ್ರ ಕೆಸರಲ್ಲಿ ಸುಮ್ಮನೆ ಸುತ್ತುತ್ತೆ, ಗಟ್ಟಿ ನೆಲದ ಮೇಲಿರೋ ಇನ್ನೊಂದು ಕಡೆಗೆ ಬೇಕಾದಷ್ಟು ಬಲ ಸಿಗಲ್ಲ. ಎಬಿಎಸ್ ಇರೋ ಗಾಡಿ ಆದ್ರೆ ಕೀ ಆನ್ ಮಾಡಿದಾಗ ಅದರ ಲೈಟ್ ಹತ್ತಿ, ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೂ ಅನುಮಾನ ಪಡಿ.

ಕೊನೆಗೆ ಓಡಿಸಿ ನೋಡಿ. ಮಳೆ ಬಂದ ದಿನ, ಘಾಟಿ ಅನುಭವ ಇರೋ ಡ್ರೈವರ್ ಅಣ್ಣನನ್ನ ಕರ್ಕೊಂಡು ಹೋಗಿ. ಖಾಲಿ ಲಾರಿಯನ್ನ ಒದ್ದೆ ಏರಲ್ಲಿ ನಿಲ್ಲಿಸಿ, ನಿಧಾನವಾಗಿ ಮತ್ತೆ ಎತ್ತಲಿ. ಹಿಂದೆ ಯಾರೂ ನಿಲ್ಲಬೇಡಿ. ಶಿರಾಡಿ ಘಾಟಿ ಇಳಿಸೋ ಯೋಚನೆ ಇದ್ರೆ ಎಕ್ಸಾಸ್ಟ್ ಬ್ರೇಕ್ ಕೂಡ ನೋಡಿ.

ಕಾಮರ್ಸ್ ಓದಿದವನಾಗಿ ನನ್ನ ಲೆಕ್ಕ ಇಷ್ಟೇ: ಹಿಂದಿನ ನಾಲ್ಕು ಟೈರ್ ಹೊಸದು ಹಾಕಿಸೋಕೆ ಎಷ್ಟು ಅಂತ ಅಂಗಡೀಲಿ ಕೇಳಿ. ಟೈರ್ ಸವೆದಿದ್ರೆ ಆ ಮೊತ್ತ ಕಳೆದು ರೇಟ್ ಮಾತಾಡಿ. ಆರ್‌ಸಿ, ಎಫ್‌ಸಿ ನೋಡಿ. ಎಂಟು ವರ್ಷ ದಾಟಿದ ಲಾರಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು. ಹಳೇ ಸಾಲ ಇದ್ರೆ ಫೈನಾನ್ಸ್‌ನವರ ಎನ್‌ಒಸಿ, ಫಾರಂ 35 ಕೈಗೆ ಬರಲಿ. ಅಡ್ವಾನ್ಸ್ ಆಮೇಲೆ.