ತಪ್ಪು ಆ ಕೂಸಿನದಲ್ಲ

ಬಾಗಿಲು ದಡಾರ್ ಅಂದ್ರೆ ಸಾಕು, ನಲವತ್ತು ದಾಟಿದವರಿಗೂ ಎದೆ ಢವಢವ. ಬಾಲ್ಯದಲ್ಲಿ ದೌರ್ಜನ್ಯ ಉಂಡವರ ಮೈ ಇವತ್ತಿಗೂ ಬೆಚ್ಚಬಹುದು. ಇದು ಗಾಳಿ ಸೋಂಕಲ್ಲ, ಆಘಾತದ ಕಾಯಿಲೆ. ಚಿಕಿತ್ಸೆ ಇದೆ.

ಅದರಲ್ಲೊಂದು ಗುಂಪು ಚಿಕಿತ್ಸೆ. ಎಂಟ್ಹತ್ತು ಜನ, ಜೊತೆಗೆ ತರಬೇತಿ ಪಡೆದ ಚಿಕಿತ್ಸಕರು. ಕೋಣೆಯ ಮಾತು ಕೋಣೆಯಲ್ಲೇ. ಮೊದಲ ದಿನವೇ ಕಥೆ ಬಿಚ್ಚಬೇಕಿಲ್ಲ. ಪಾದ ನೆಲಕ್ಕೂರಿ, ಉಸಿರು ನಿಧಾನ ಬಿಡೋದು ಕಲಿತರೆ ಸಾಕು. ಮುಂದೊಂದು ದಿನ ಪಕ್ಕದಾಕೆ "ತಪ್ಪು ನಂದೇ" ಅಂದಾಗ, "ನಿಂದೇನು ತಪ್ಪವ್ವ, ಆಗ ನೀನಿನ್ನೂ ಕೂಸು" ಅಂತೀರಿ. ಆ ಮಾತು ನಿಮಗೂ ನಾಟುತ್ತೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿ ಎಳೆವಯಸ್ಸಲ್ಲೇ ಮುತ್ತು ಕಟ್ಟಿಸಿಕೊಂಡ ದೇವದಾಸಿ ತಾಯಂದಿರಿದ್ದಾರೆ. ಆ ಪದ್ಧತಿ ನಿಷೇಧಿಸೋ ಕಾಯ್ದೆ 1982ರಲ್ಲೇ ಬಂತು. ಮಾಸಾಶನದಷ್ಟೇ ಈ ಚಿಕಿತ್ಸೆಯೂ ಅವರ ಹಕ್ಕು. 1980ರ ದಶಕದಲ್ಲಿ ನಿಮ್ಹಾನ್ಸ್ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ನಡೆಸಿದ್ದೇ ಈ ಊರುಗಳಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ!

ಮಾತಾಡಬೇಕೆ? ಟೆಲಿ ಮಾನಸ್ ಸಹಾಯವಾಣಿ, 14416. ಉಚಿತ, ಕನ್ನಡದಲ್ಲೇ.