ಒಂದೇ ಬೆಟ್ಟ, ಹಲವು ನೋಟ

ಬೇಸಿಗೆ ರಜೆ ಬಂತೆಂದರೆ ನಮ್ಮ ಎಷ್ಟೋ ಕುಟುಂಬಗಳು ಅಂಗಡಿಗೆ ಎರಡು ದಿನ ಬಿಡುವು ಕೊಟ್ಟು, ಗುಂಡ್ಲುಪೇಟೆ, ಬಂಡೀಪುರದ ಹಾದಿಯಾಗಿ ಊಟಿಗೆ ಹೋಗಿಬರುವುದುಂಟು. ಕೆರೆ, ಹೂದೋಟ, ಚಹಾ ತೋಟಗಳ ನೂರಾರು ಚಿತ್ರಗಳು ಜೊತೆಗೆ ಬರುತ್ತವೆ. ಎಲ್ಲವೂ ಸುಂದರವೇ. ಆದರೆ ಅವುಗಳಲ್ಲಿ ನಿಜವಾದ ನೀಲಗಿರಿ ಎಷ್ಟಿದೆ?

ಛಾಯಾಚಿತ್ರವೆಂದರೆ ಕಂಡದ್ದರ ನಕಲು ಎಂಬ ಭಾವನೆ ಸಾಮಾನ್ಯ. ವಾಸ್ತವವಾಗಿ, ಚೌಕಟ್ಟಿನೊಳಗೆ ಯಾವುದು ಇರಬೇಕು, ಯಾವುದು ಬೇಡ ಎಂಬ ಆಯ್ಕೆಯಿಂದಲೇ ಚಿತ್ರ ಹುಟ್ಟುತ್ತದೆ. ಆದ್ದರಿಂದಲೇ ಒಂದೇ ಬೆಟ್ಟ ಒಬ್ಬೊಬ್ಬರ ಕ್ಯಾಮೆರಾದಲ್ಲಿ ಒಂದೊಂದು ರೂಪ ತಾಳುತ್ತದೆ.

1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಆ ದಶಕದ ಕೊನೆಯಲ್ಲಿ ಊಟಿಯ ಚಿತ್ರಗಳನ್ನು ತೆಗೆದರು. ಗಾಜಿನ ಫಲಕಕ್ಕೆ ರಾಸಾಯನಿಕ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಕತ್ತಲೆಯ ಡೇರೆಯಲ್ಲಿ ಸಂಸ್ಕರಿಸಬೇಕಾಗಿದ್ದ ಕಾಲವದು. ನೀರು, ಮರ, ದೂರದ ಬೆಟ್ಟ ಹಿತವಾಗಿ ಹೊಂದಿಕೊಳ್ಳುವ ನೋಟವನ್ನೇ ಅವರು ಹುಡುಕುತ್ತಿದ್ದರು. ಅದೇ ದಶಕದಲ್ಲಿ ಊಟಿಗೆ ಬಂದ ಎ. ಟಿ. ಡಬ್ಲ್ಯು. ಪೆನ್ ಅಲ್ಲಿಯೇ ನೆಲೆಸಿ, ಬಹುಕಾಲ ಸ್ಟುಡಿಯೋ ನಡೆಸಿ, ಬೆಟ್ಟಗಳನ್ನೂ ತೊದವರನ್ನೂ ಚಿತ್ರಿಸಿದರು.

ಮುಂದೆ ದೃಷ್ಟಿಗಳು ಬದಲಾದವು. ಕೆಲವರು ಮಂಜು, ಮಸುಕು ಬೆಳಕುಗಳಿಂದ ಚಿತ್ರವನ್ನು ವರ್ಣಚಿತ್ರದಂತೆ ಮೃದುವಾಗಿಸಿದರು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು 1932ರಲ್ಲಿ ಇದಕ್ಕೆ ವಿರುದ್ಧವಾಗಿ, ಕಲ್ಲು, ಎಲೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕೆಂದರು. 1975ರಲ್ಲಿ ಅಲ್ಲಿಯೇ ನಡೆದ ಇನ್ನೊಂದು ಪ್ರದರ್ಶನದಲ್ಲಿ ರಮ್ಯ ಪರ್ವತಗಳ ಬದಲು ಹೊಸ ಬಡಾವಣೆ, ಕಾರ್ಖಾನೆಗಳ ಚಿತ್ರಗಳಿದ್ದವು. ಮನುಷ್ಯ ಬದಲಿಸಿದ ನೆಲವೂ ನೆಲವೇ ಎಂಬುದು ಅವರ ನಿಲುವು. ನಮ್ಮಲ್ಲಿ ಮದರಾಸಿನ ಎಂ. ಕೃಷ್ಣನ್ (1912–1996) ಮುದುಮಲೆಯ ಆನೆಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. ಊಟಿಯಲ್ಲಿ ಬೆಳೆದ ಛಾಯಾಗ್ರಾಹಕಿ ಕಾರ್ತಿಕಿ ಗೊನ್ಸಾಲ್ವಿಸ್ ಅವರ ಸಾಕ್ಷ್ಯಚಿತ್ರ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಪಡೆಯಿತು. ಮಸಿನಗುಡಿ ಬಳಿಯ ತೆಪ್ಪಕಾಡಿನ ಆ ಕಥೆಯಲ್ಲಿ ಕಾಡು ಬರಿಯ ನೋಟವಲ್ಲ, ಮನೆ.

ಯಾವ ದೃಷ್ಟಿ ಸರಿ? ಎಲ್ಲವೂ ಬೇಕು. ಏಕೆಂದರೆ ಬರಿಯ ಅಂದವನ್ನು ಹುಡುಕುವ ಕಣ್ಣು ಮೋಸಹೋಗಬಹುದು. ನಾವು ಪ್ರಕೃತಿಯೆಂದು ಮೆಚ್ಚುವ ಊಟಿ ಕೆರೆಯನ್ನು 1820ರ ದಶಕದಲ್ಲಿ ಜಾನ್ ಸಲಿವನ್ ಕಟ್ಟಿಸಿದರು. 'ನೀಲಗಿರಿ ಮರ' ಎಂದು ನಾವು ಕರೆಯುವ ಯೂಕಲಿಪ್ಟಸ್ ಆಸ್ಟ್ರೇಲಿಯದಿಂದ ಬಂದದ್ದು. ಚಹಾವೂ ಹೊರಗಿನದೇ. ಈ ಎತ್ತರದ ಮೂಲ ಸಂಪತ್ತು ಇಳಿಜಾರಿನ ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು. ಮಳೆನೀರನ್ನು ಹಿಡಿದಿಟ್ಟು ತೊರೆಗಳನ್ನು ಪೋಷಿಸುವವು ಇವೇ. ಇವುಗಳ ಬಹುಭಾಗ ತೋಟಗಳಿಗೂ ನೆಡುತೋಪುಗಳಿಗೂ ಸಂದುಹೋಗಿದೆ. ಕೆಳಗೆ ಮಸಿನಗುಡಿಯ ಕಡೆ ಮಳೆಗಾಲದಲ್ಲಿ ಕಾಣುವ ಹಸಿರಿನಲ್ಲಿ ಬಹಳಷ್ಟು ಲಂಟಾನ. ಅದು ಹಬ್ಬಿದಲ್ಲಿ ಹುಲ್ಲು ಬೆಳೆಯದೆ ಪ್ರಾಣಿಗಳಿಗೆ ಮೇವು ತಪ್ಪುತ್ತದೆ. ಇವೆಲ್ಲ ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತವೆ!

ಹಳೆಯ ಚಿತ್ರಗಳ ಬೆಲೆ ಇಲ್ಲಿದೆ. ಬೋಳಾಗಿ ಕಾಣುವ ಹುಲ್ಲಿನ ಬೆಟ್ಟದ ಒಂದು ಹಳೆಯ ಚಿತ್ರ, ಹಿಂದೆ ಏನಿತ್ತೆಂಬುದಕ್ಕೆ ಸಾಕ್ಷಿ. ವ್ಯಾಪಾರಿಗಳಾದ ನಮಗೆ ಇದು ಹೊಸದಲ್ಲ. ಹಿಂದಿನ ವರ್ಷದ ಲೆಕ್ಕದ ಪುಸ್ತಕವಿಲ್ಲದೆ ಲಾಭನಷ್ಟ ತಿಳಿಯುವುದಾದರೂ ಹೇಗೆ?

ಮುಂದಿನ ಬಾರಿ ಹೋದಾಗ ಮಕ್ಕಳ ಕೈಗೆ ಕ್ಯಾಮೆರಾ ಅಥವಾ ಮೊಬೈಲು ಕೊಡಿ. ದೊಡ್ಡಬೆಟ್ಟದ ಮೇಲಿನಿಂದ ಒಂದೇ ದಿಕ್ಕನ್ನು ಮೂರು ಬಗೆಯಲ್ಲಿ ತೆಗೆಯಲು ಹೇಳಿ: ಮಂಜು ಕವಿದಾಗ ಒಮ್ಮೆ, ಬಿಸಿಲು ಬಿದ್ದು ಎಲ್ಲವೂ ಸ್ಪಷ್ಟವಾದಾಗ ಒಮ್ಮೆ, ಮನೆ, ರಸ್ತೆ, ತಂತಿಗಳನ್ನು ಬಿಡದೆ ಸೇರಿಸಿ ಒಮ್ಮೆ. ಪ್ರತಿ ಚಿತ್ರಕ್ಕೂ ಊರು, ತಿಂಗಳು, ವರ್ಷ ಬರೆದಿಡಿ. ಮುದುಮಲೆಯ ರಸ್ತೆಯಲ್ಲಿ ಮಾತ್ರ ಚಿತ್ರಕ್ಕಾಗಿ ವಾಹನದಿಂದ ಇಳಿಯಬೇಡಿ. ಅದು ಆನೆಗಳು ನಡೆದಾಡುವ ಜಾಗ.

ಐದು ವರ್ಷಗಳ ನಂತರ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದು ಹೋಲಿಸಿರಿ. ನೆಲದಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.